ಸುರಂಗ ಬಾವಿಯೂ ಗ್ರಾಮಸಭೆಯೂ

ಬೀದರ ನಗರದ ಅಂಚಿನ ನೌಬಾದಿನಲ್ಲಿ ನೆಲದೊಳಗೆ ಹರಿಯುವ ಒಂದು ಕಾಲುವೆಯಿದೆ. ಪಾರಸಿಯಲ್ಲಿ ಅದು ಕರೇಜ್; ನಮ್ಮವರ ಬಾಯಲ್ಲಿ ಸುರಂಗ ಬಾವಿ. 15ನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ಇರಾನಿನ ವಿದ್ಯೆಯನ್ನು ಅನುಸರಿಸಿ ಇದನ್ನು ತೋಡಿದರು. ಮೇಲಿನ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಹಾಗೆ ತಡೆದು ನಿಂತ ನೀರು ಸುರಂಗಕ್ಕೆ ಜಿನುಗಿ, ಅದರ ಸಣ್ಣ ಇಳಿಜಾರಿನಲ್ಲಿ ಯಾವ ಯಂತ್ರದ ಹಂಗೂ ಇಲ್ಲದೆ ಸಾಗುತ್ತದೆ. ದಾರಿಯುದ್ದಕ್ಕೂ ಇರುವ ಬಾವಿಗಳಿಂದ ಜನ ನೀರು ಸೇದುತ್ತಿದ್ದರು. ಹೂಳೆತ್ತಲು ಇಳಿಯುತ್ತಿದ್ದುದೂ ಅವುಗಳ ಮೂಲಕವೇ.

ಇಂಥ ಏರ್ಪಾಡಿನಲ್ಲಿ ಮೇಲೆ ಒಂದೆಡೆ ಮಣ್ಣು ಕುಸಿದರೆ ಕೆಳಗಿನವರಿಗೆಲ್ಲ ನೀರು ತಪ್ಪುತ್ತದೆ. ಆದುದರಿಂದ ಅದರ ಅರಿವು ಒಬ್ಬನ ಸೊತ್ತಾಗಿ ಉಳಿಯುವಂತಿಲ್ಲ. ಆದರೂ ನಗರ ಅದನ್ನು ಮರೆತಿತು. 2015ರ ಹೊತ್ತಿಗೆ ಹೂಳೆತ್ತುವ ಕೆಲಸ ನಡೆದಾಗ, ಸುರಂಗದ ಜಾಡನ್ನು ಭೂಗೋಳದ ವಿದ್ವಾಂಸರು ಹೊಸದಾಗಿ ಗುರುತಿಸಿಕೊಡಬೇಕಾಯಿತು.

ಸುರಂಗ ತೋಡಿಸಿದ ಅರಸರಿಗೆ ಪ್ರಜೆಗಳ ಒಪ್ಪಿಗೆ ಬೇಕಿರಲಿಲ್ಲ. ನಮ್ಮ ಸ್ಥಿತಿ ಬೇರೆ. 1983ರ ಜಿಲ್ಲಾ ಪರಿಷತ್ ಶಾಸನದಿಂದ ಕರ್ನಾಟಕವು ಅಧಿಕಾರವನ್ನು ಹಳ್ಳಿಗೆ ಇಳಿಸಲು ಹೊರಟಿತು. ಅದರ ಹಿಂದೆ ಅಬ್ದುಲ್ ನಜೀರ್ ಸಾಬರ ಶ್ರದ್ಧೆ ಇತ್ತು. ಕುಡಿಯುವ ನೀರಿಗಾಗಿ ಊರೂರಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡವರೂ ಅವರೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಭದ್ರವಾದ ಸ್ಥಾನ ಕೊಟ್ಟಿತು. ಅಧಿಕಾರವೇನೋ ಬಂತು. ಅರಿವು?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಔರಾದ ತಾಲ್ಲೂಕಿನ ನಮ್ಮ ಹೊಲದಲ್ಲಿ ಒಂದು ಬೇಸಿಗೆ ನಾನು ಕೊಳವೆಬಾವಿ ತೋಡಿಸಿದೆ. ನೀರು ಚಿಮ್ಮಿತು, ಕಾಯಿ ಒಡೆದು ಸಕ್ಕರೆ ಹಂಚಿದೆವು. ಮರುವರ್ಷ ನೆರೆಹೊಲದ ಕಾಕಾನ ತೆರೆದ ಬಾವಿ ಬತ್ತಿತು. ಅವರು ಜಗಳಕ್ಕೆ ಬರಲಿಲ್ಲ. "ತಮ್ಮಾ, ನಿನ್ನ ಬೋರಿನ್ಯಾಗ ಹೊಸ ನೀರು ಹುಟ್ಟಿಲ್ಲ, ನನ್ನ ಬಾವಿ ನೀರೇ ನಿನ್ನ ಕಡಿ ಬಂದದ" ಎಂದಷ್ಟೇ ಹೇಳಿದರು. ಓದಿದ ನನಗೆ ತಿಳಿಯದ ಸಂಗತಿ ಅವರಿಗೆ ತಿಳಿದಿತ್ತು. ಆ ವರ್ಷದ ಗ್ರಾಮಸಭೆಯಲ್ಲಿ ನಾವಿಬ್ಬರೂ ಇದ್ದೆವು. ಪುಸ್ತಕದಲ್ಲಿ ಸಹಿ ಮಾಡಿ ಎದ್ದು ಬಂದೆವು. ನೀರಿನ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನೆರಡು ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಕೊಳವೆಬಾವಿಯೂ ಬರಿದಾಯಿತು.

ಎಲ್ಲೆಡೆಯೂ ಹೀಗೆಯೇ ಆಗಬೇಕೆಂದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ, ಈಗ ಅಹಿಲ್ಯಾನಗರವೆನಿಸಿರುವ ಅಹಮದನಗರ ಜಿಲ್ಲೆಯ ಹಿವರೆ ಬಾಜಾರದ ಜನ ಮಳೆಯನ್ನು ಅಳೆದು, ಬಾವಿಯ ಮಟ್ಟವನ್ನು ನೋಡಿ, ಆ ವರ್ಷ ಯಾವ ಬೆಳೆ ಸಲ್ಲುವುದೆಂದು ಗ್ರಾಮಸಭೆಯಲ್ಲಿ ತೀರ್ಮಾನಿಸುತ್ತಾರೆ. ಬೇಸಾಯಕ್ಕೆ ಕೊಳವೆಬಾವಿ ತೋಡಬಾರದೆಂಬ ಕಟ್ಟನ್ನೂ ತಾವೇ ಹಾಕಿಕೊಂಡರು. ಅಲ್ಲಿನ ಸಭೆ ಊರಿನ ಪಾಠಶಾಲೆಯೂ ಹೌದು.

ನಮ್ಮಲ್ಲಿ ಕಲಿಸುವವರು ಯಾರು ಎಂದು ನೀವು ಕೇಳಬಹುದು. ಭಾಲ್ಕಿಯನ್ನು ನೆನೆಯಿರಿ. ನಿಜಾಮರ ಆಳ್ವಿಕೆಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಸೀಮೆ ಮರೆತಿಲ್ಲ. ಅಪ್ಪಣೆ ಇಲ್ಲದ ಕಾಲದಲ್ಲಿ ಕಲಿತ ಜನ, ಹಕ್ಕಿರುವ ಕಾಲದಲ್ಲಿ ಕಲಿಯಲಾರರೇ?

ಮಳೆ ಅಳೆಯಲು ಒಂದು ಪಾತ್ರೆ, ಬಾವಿಗೆ ಇಳಿಬಿಡಲು ಗುರುತು ಹಾಕಿದ ಒಂದು ಹಗ್ಗ, ಆ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ಒಬ್ಬ ಹುಡುಗಿ: ಪ್ರಾರಂಭಕ್ಕೆ ಇಷ್ಟು ಸಾಕು. ಕಾಕಾ ಈಗಿಲ್ಲ. ಅಂದು ಅವರು ಬದುವಿನ ಮೇಲೆ ನಿಂತು ನನ್ನೊಬ್ಬನಿಗೆ ಹೇಳಿದ ಮಾತನ್ನು ಸಭೆಯಲ್ಲಿ ಹೇಳಿಸಬೇಕಾಗಿದ್ದವನು ನಾನು.