ಊರೂರು ನಡೆದ ಹಾಡು

ಸುಗ್ಗಿ ಮುಗಿದು ರಾಗಿಯ ಹುಲ್ಲು ಬಣವೆ ಸೇರಿದ ಮೇಲೆ ಬಯಲುಸೀಮೆಯಲ್ಲಿ ಜಾತ್ರೆಗಳ ಕಾಲ ಬರುತ್ತದೆ. ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಂಚನಹಳ್ಳಿಯ ಸುತ್ತಲಿನ ಊರುಗಳಲ್ಲಿಯೂ ಇದೇ ಕ್ರಮ. ಅತ್ತ ಅಜ್ಜಂಪುರದ ಕಡೆ ಅಂತರಘಟ್ಟೆಯ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿದರೆ, ಇತ್ತ ಊರೂರಿನ ತೇರಿಗೆ ಡೊಳ್ಳು, ವೀರಗಾಸೆಯ ತಂಡಗಳಿಗೆ ಕರೆ ಬರುತ್ತದೆ. ಆ ದಿನಗಳಲ್ಲಿ ಬೆಳಗಿನ ಜಾವದ ಬಸ್ಸು ಹಿಡಿಯುವವರು ಈ ಕಲಾವಿದರನ್ನು ಕಾಣದೆ ಇರಲಾರರು. ಹಳೆಯ ಸೀರೆಯಲ್ಲಿ ಸುತ್ತಿದ ಡೊಳ್ಳು ಹಿಂಬದಿಯ ಸೀಟಿನ ಬಳಿ, ರುದ್ರಾಕ್ಷಿಸರ ಮತ್ತು ಖಡ್ಗಗಳ ಗಂಟು ಕಾಲಡಿಯಲ್ಲಿ, ರಾತ್ರಿಯೆಲ್ಲ ಕುಣಿದವರು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ರೆಯಲ್ಲಿ. ಮೆರವಣಿಗೆಯಲ್ಲಿ ನಾವು ಕಣ್ತುಂಬ ನೋಡಿದ ಕಲಾವಿದರು ಇವರೇ ಎಂದು ಗುರುತಿಸುವುದೂ ಆಗ ಕಷ್ಟ.

ವೀರಗಾಸೆಯವರಿಗೆ ಶ್ರಾವಣ ಮತ್ತು ಕಾರ್ತಿಕ ಮಾಸಗಳು ಮುಖ್ಯ. ದಕ್ಷಯಜ್ಞದ ಕಥೆಯನ್ನು ಒಡಪುಗಳಲ್ಲಿ ಸಾರುತ್ತ, ಸಂಬಾಳದ ಬಡಿತಕ್ಕೆ ಹೆಜ್ಜೆ ಹಾಕುವ ಈ ಕಲೆ ಮೈಸೂರು ದಸರೆಯ ಮೆರವಣಿಗೆಯವರೆಗೂ ಪ್ರಯಾಣ ಮಾಡುತ್ತದೆ. ಡೊಳ್ಳು ಮೂಲತಃ ಬೀರೇಶ್ವರನ ಗುಡಿಯ ಅಂಗಳದ್ದು. ಇಂದು ಸಭೆಯ ಉದ್ಘಾಟನೆಗೂ ಮಂತ್ರಿಗಳ ಸ್ವಾಗತಕ್ಕೂ ಅದು ಬೇಕು. ನಮ್ಮ ಸೀಮೆಯ ಕ್ರೈಸ್ತ ಊರುಗಳಲ್ಲಿ ವಾರ್ಷಿಕ ಹಬ್ಬದ ತೇರಿನ ಮುಂದೆ ಡೊಳ್ಳು, ತಮಟೆಗಳು ನಡೆಯುವುದನ್ನು ಓದುಗರು ಬಲ್ಲರು. ತಮಟೆಗೆ ಬೆಂಕಿಯ ಕಾವು ತಗಲದೆ ದನಿ ಏಳದು. ಆದುದರಿಂದ ಅದನ್ನು ಬಾರಿಸುವವನು ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ನಾಲ್ಕು ಒಣಪುಳ್ಳೆ, ಒಂದು ಹಿಡಿ ಹುಲ್ಲು. ತನ್ನ ಊಟದ ವಿಚಾರಣೆ ಅದರ ನಂತರ.

ಸಂಭಾವನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ತಂಡಕ್ಕೆಂದು ಮಾತಾದ ಹಣದಲ್ಲಿ ಹೋಗಿಬರುವ ಖರ್ಚು, ಉಡುಪಿನ ದುರಸ್ತಿ, ಚರ್ಮ ಬದಲಿಸಿದ ಬಾಬ್ತು ಕಳೆದು ಉಳಿದುದನ್ನು ಹಂಚಿಕೊಳ್ಳಬೇಕು. ತಂಡದಲ್ಲಿ ಹನ್ನೆರಡು ಮಂದಿ ಇದ್ದರೆ ಹನ್ನೆರಡು ಪಾಲು. ಒಂದು ರಾತ್ರಿಯ ಕಾರ್ಯಕ್ರಮಕ್ಕಾಗಿ ಎರಡು ಹಗಲುಗಳ ಕೂಲಿ ಹೋಗುತ್ತದೆ ಎಂಬುದನ್ನು ಕರೆದವರು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಶಾಲು, ಹಾರ, ಸ್ಮರಣಿಕೆಗಳಿಗೆ ಕೊರತೆ ಇಲ್ಲ. ಆದರೆ ಸ್ಮರಣಿಕೆಯನ್ನು ಕೊಟ್ಟು ಬಸ್ಸಿನ ಟಿಕೆಟ್ ಪಡೆಯಲಾಗದು.

ಈ ಅಲೆದಾಟ ಬರಿಯ ಕಷ್ಟದ ಕಥೆ ಎಂದು ಮರುಗಿ ಸುಮ್ಮನಾಗುವುದು ಸುಲಭ. ಆದರೆ ಜನಪದ ಗಾಯಕನಿಗೆ ದಾರಿಯೇ ಪಾಠಶಾಲೆಯಾಗಿತ್ತು. ಇದನ್ನು ಅರಿಯಲು ಕಡೂರಿನಿಂದ ಉತ್ತರಕ್ಕೆ, ಬಳ್ಳಾರಿ ಸೀಮೆಯ ದರೋಜಿಗೆ ಹೋಗಬೇಕು. ಹಾದಿಯಲ್ಲಿ ಬಾಳಿದ ಸಾವಿರಾರು ಗಾಯಕರಲ್ಲಿ ಹೆಸರುಳಿದವರು ಕೆಲವರೇ. ಅವರಲ್ಲಿ ಬುರ್ರಕಥೆ ಈರಮ್ಮನವರು ಒಬ್ಬರು.

1930ರಲ್ಲಿ ಅಲೆಮಾರಿ ಬುಡ್ಗ ಜಂಗಮ ಸಮುದಾಯದಲ್ಲಿ ಜನಿಸಿದ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆ ಅವರಿಗೆ ಮನೆತನದಿಂದ ಬಂದ ವಿದ್ಯೆ. ಮುಖ್ಯ ಕಥೆಗಾರರು ತಂಬೂರಿ ಮೀಟುತ್ತ ಕಥೆಯನ್ನು ಎತ್ತಿಕೊಳ್ಳುವುದು, ಅಕ್ಕಪಕ್ಕದ ಇಬ್ಬರು ಚರ್ಮವಾದ್ಯ ನುಡಿಸುತ್ತ ಸೊಲ್ಲು ತುಂಬುವುದು, ನಡುನಡುವೆ ಪ್ರಶ್ನೆ ಕೇಳುವುದು, ನಗಿಸುವುದು: ಇದು ಆ ಕಲೆಯ ರೀತಿ. ಕುಟುಂಬದ ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ಈರಮ್ಮನವರು ಊರಿಂದೂರಿಗೆ ನಡೆದರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ಹನ್ನೆರಡು ಮಹಾಕಥನಗಳು ಅವರ ನೆನಪಿನಲ್ಲಿದ್ದವು. ಬರಹಕ್ಕೆ ಇಳಿಸಿದರೆ ಸುಮಾರು 7,000 ಪುಟ! ಒಂದು ಪದ್ಯವನ್ನು ಕಂಠಪಾಠ ಮಾಡಲು ಶಾಲೆಯಲ್ಲಿ ತಿಣುಕಿದ ನಮ್ಮಂಥವರು ಈ ಸಂಖ್ಯೆಯ ಮುಂದೆ ಮೌನವಾಗುವುದೇ ಲೇಸು.

ಅಷ್ಟು ದೊಡ್ಡ ಕಥನ ನೆನಪಿನಲ್ಲಿ ನಿಲ್ಲುವುದು ಹೇಗೆ? ಹಾಡುತ್ತ ಹಾಡುತ್ತಲೇ ನಿಲ್ಲಬೇಕು. ಇಂದು ಈ ಊರಿನಲ್ಲಿ ಅರ್ಧ, ನಾಳೆ ರಾತ್ರಿ ಉಳಿದರ್ಧ. ಮುಂದಿನ ಊರಿನಲ್ಲಿ ಕೇಳುಗರು ಕಣ್ಣೀರಿಟ್ಟ ಕಡೆ ನಾಲ್ಕು ಸೊಲ್ಲು ಹೆಚ್ಚು, ಆಕಳಿಸಿದ ಕಡೆ ಎರಡು ಸೊಲ್ಲು ಕಡಿಮೆ. ಬೆಳಗಾಗುತ್ತಲೇ ಮನೆಮನೆಯಿಂದ ಜೋಳ, ಹಳೆಯ ಬಟ್ಟೆ. ಕೇಳುಗನ ಬಳಿ ಸಮಯವಿತ್ತು, ಕಥೆಗಾರರ ಬಳಿ ಕಥೆಯಿತ್ತು. ನಡುವೆ ಇದ್ದುದು ಒಂದು ದೀಪ ಮಾತ್ರ. ಭಿಕ್ಷೆ ಎಂದು ಅದನ್ನು ಹಗುರವಾಗಿ ಕರೆಯುವವರಿದ್ದಾರೆ. ರಾತ್ರಿಯಿಡೀ ಹಾಡಿದವರು ಬೆಳಿಗ್ಗೆ ಪಡೆದ ಕಾಳು ಭಿಕ್ಷೆ ಹೇಗಾದೀತೆಂದು ನನಗಂತೂ ತಿಳಿಯದು.

ಗೌರವಗಳು ಬಂದವು, ತಡವಾಗಿಯಾದರೂ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ. ಮಂಗಳೂರಿನ ಸಂದೇಶ ಪ್ರತಿಷ್ಠಾನವೂ ತನ್ನ ಕಲಾ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತು ಎಂಬುದನ್ನು ಈ ಅಂಕಣದ ಓದುಗರು ಸಂತೋಷದಿಂದ ನೆನೆಯಬಹುದು. ವಿದ್ವಾಂಸರು ಅವರ ಕಥನಗಳನ್ನು ಬರೆದುಕೊಂಡು ಗ್ರಂಥಗಳಾಗಿ ಪ್ರಕಟಿಸಿದರು. 2014ರ ಆಗಸ್ಟ್ 12ರಂದು ಈರಮ್ಮನವರು ತೀರಿಕೊಂಡರು. ಗ್ರಂಥಗಳೇನೋ ಕಪಾಟಿನಲ್ಲಿ ಭದ್ರವಾಗಿವೆ. ಆದರೆ ಯಾವ ಊರಿನಲ್ಲಿ ಕಥೆಯನ್ನು ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ಅರಿವು ಪುಟಕ್ಕೆ ಇಳಿಯುವಂಥದಲ್ಲ.

ಇಂದಿನ ಕಲಾವಿದರು ಹಿಂದಿನವರಿಗಿಂತ ಹೆಚ್ಚು ದೂರ ಹೋಗುತ್ತಾರೆ. ಬೀರೂರು ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಬೆಂಗಳೂರು, ಅಲ್ಲಿಂದ ದೆಹಲಿ. ಅದೃಷ್ಟವಿದ್ದವರಿಗೆ ಕಡಲಾಚೆಯ ಕನ್ನಡ ಸಂಘಗಳ ವೇದಿಕೆ. ದೂರ ಹೆಚ್ಚಿತು, ಸಮಯ ಕುಗ್ಗಿತು. ಉತ್ಸವಗಳಲ್ಲಿ ಒಂದು ತಂಡಕ್ಕೆ ಹತ್ತು ನಿಮಿಷ ದೊರೆತರೆ ಪುಣ್ಯ. ಗಣ್ಯರ ಭಾಷಣ ನೀಳವಾದರೆ ಅದರಲ್ಲಿಯೂ ಕಡಿತ. ಇಷ್ಟರೊಳಗೆ ಕುಮಾರರಾಮನು ಕುದುರೆಯನ್ನೇ ಏರಲಾರನು, ಇನ್ನು ಯುದ್ಧ ಮಾಡುವುದೆಲ್ಲಿ? ಆದುದರಿಂದ ತಂಡಗಳು ಕಥೆಯನ್ನು ಬಿಟ್ಟು ಕುಣಿತವನ್ನು ಉಳಿಸಿಕೊಂಡಿವೆ, ಒಬ್ಬರ ಮೇಲೊಬ್ಬರು ನಿಲ್ಲುವ ಕಸರತ್ತನ್ನು ಬೆಳೆಸಿಕೊಂಡಿವೆ. ಅವರನ್ನು ದೂರುವಂತಿಲ್ಲ. ಕೇಳುವವರು ಕೇಳಿದುದನ್ನೇ ಅವರು ಕೊಡುತ್ತಿದ್ದಾರೆ.

ಹೀಗೆ ಕರೆಯನ್ನೇ ನಂಬಿದ ಬದುಕು ಎಷ್ಟು ತೆಳುವಾದುದೆಂದು 2020ರಲ್ಲಿ ತಿಳಿಯಿತು. ಸೋಂಕಿನ ಭಯದಿಂದ ಜಾತ್ರೆ, ತೇರು, ಮದುವೆ, ಸಭೆಗಳೆಲ್ಲ ನಿಂತವು. ಅದು ಸರಿಯಾಗಿ ಬಯಲುಸೀಮೆಯ ಜಾತ್ರೆಯ ದಿನಗಳಲ್ಲೇ. ಮರುವರ್ಷ ಎರಡನೆಯ ಅಲೆ ಬಂದಾಗ ರಾಜ್ಯ ಸರಕಾರ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಘೋಷಿಸಿತು. ಇಲ್ಲವೆನ್ನುವುದಕ್ಕಿಂತ ಮೇಲು, ಆದರೆ ಎರಡು ಹಂಗಾಮು ಕೈತಪ್ಪಿದ ಸಂಸಾರಕ್ಕೆ ಅದೆಷ್ಟು ದಿನ? ಮಾಸಾಶನದ ವ್ಯವಸ್ಥೆಯೂ ಉಂಟು. ಅದಕ್ಕೆ ಬೇಕಾದ ವಯಸ್ಸಿನ ದಾಖಲೆ, ಪ್ರದರ್ಶನ ನೀಡಿದ ಪ್ರಮಾಣಪತ್ರಗಳನ್ನು ಬಯಲಿನಲ್ಲಿ ಹಾಡಿ ಬೆಳೆದವರು ಎಲ್ಲಿಂದ ತಂದಾರು? ಇರುಳೆಲ್ಲ ಕೇಳಿದ ಊರಿಗೆ ಊರೇ ಸಾಕ್ಷಿ, ಆದರೆ ಊರು ಮೊಹರು ಹಾಕಿ ಕೊಡುವುದಿಲ್ಲ.

ಕಡೂರು ಸೀಮೆಗೆ ಮರಳೋಣ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದ ಅವತಿಯ ನೀರಿಗೆ ಅಡ್ಡವಾಗಿ ನಿಂತಿರುವ ಮದಗದ ಕೆರೆ ಈ ತಾಲ್ಲೂಕಿನದು. ಮಳೆ ಬಂದು ಮದಗದ ಕೆರೆ ತುಂಬುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಹಾಡಿನ ಕೆರೆ ನಮ್ಮದೇ ಎಂದು ಇಲ್ಲಿಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕ್ಯಾಸೆಟ್ಟಿನಲ್ಲಿ, ಆಕಾಶವಾಣಿಯಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಆ ಹಾಡು ಸುತ್ತಿದಷ್ಟು ದೂರ ಅದನ್ನು ಮೊದಲು ಕಟ್ಟಿದವರು ಸುತ್ತಿರಲಾರರು. ಅವರ ಹೆಸರು ಹಾಡಿನಲ್ಲಿಲ್ಲ. ಹಾಡಿನಿಂದ ಬಂದ ಕಾಸಿನಲ್ಲಿ ಅವರಿಗೆ ಪಾಲೂ ಇಲ್ಲ.

ಇನ್ನೊಂದು ಮಾತು, ನಮ್ಮ ಧರ್ಮಕೇಂದ್ರಗಳ ಹಬ್ಬದ ಸಮಿತಿಗಳಿಗೆ. ತೇರಿನ ಮುಂದೆ ಎರಡು ಗಂಟೆ ಬಿಸಿಲಲ್ಲಿ ನಡೆದ ತಂಡವನ್ನು ಗುಡಿಯ ಬಾಗಿಲಲ್ಲೇ ಬೀಳ್ಕೊಡುವ ಬದಲು, ಸಂಜೆಯ ಮನರಂಜನೆಯಲ್ಲಿ ಧ್ವನಿವರ್ಧಕದ ಚಿತ್ರಗೀತೆಗಳನ್ನು ಕೊಂಚ ತಗ್ಗಿಸಿ ಅವರಿಗೆ ಒಂದು ತಾಸು ಕೊಡಬಾರದೇಕೆ? ಒಡಪು ಹೇಳುವ ಹಿರಿಯರು ಒಬ್ಬರಾದರೂ ತಂಡದಲ್ಲಿ ಇರುತ್ತಾರೆ. ಅವರನ್ನು ಕೂರಿಸಿ ಕಥೆಯನ್ನು ಪೂರ್ತಿ ಹೇಳಿಸಿ. ಊಟ ನಮ್ಮ ಪಂಕ್ತಿಯಲ್ಲೇ ಆಗಲಿ, ಸಂಭಾವನೆ ಅಂದೇ ಕೈಸೇರಲಿ. ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಮೊದಲೇ ವಿಚಾರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು.