ನಿಮಗಿದು ಗೊತ್ತೇ? ಮಕ್ಕಳ ಥೈರಾಯ್ಡ್

ಥೈರಾಯ್ಡ್ ತುಂಬ ಕಿಕ್ಕಿರಿದ ಬಿಳಿ ರಕ್ತಕಣಗಳ ಬಗ್ಗೆ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ಬರೆದದ್ದು 1912ರಲ್ಲಿ. ಅವರು ಪರೀಕ್ಷಿಸಿದ್ದು ನಾಲ್ವರು ಹೆಂಗಸರ ಗ್ರಂಥಿಯನ್ನು. ದೇಹ ತನ್ನದೇ ಗ್ರಂಥಿಯ ಮೇಲೆ ಪ್ರತಿಕಾಯಗಳನ್ನು ಹೂಡುತ್ತದೆಂದು ಲಂಡನ್ನಿನ ಸಂಶೋಧಕರು ಕಂಡುಕೊಂಡದ್ದು 1956ರಲ್ಲಿ.

ಹಶಿಮೊಟೊ ಹೆಸರಿನ ಈ ಕಾಯಿಲೆ ಮಕ್ಕಳಿಗೂ ಬರುತ್ತದೆ. ಹುಡುಗಿಯರಲ್ಲಿ, ಅದರಲ್ಲೂ ಮೈನೆರೆಯುವ ಆಸುಪಾಸಿನಲ್ಲಿ ಹೆಚ್ಚು. ಅಯೋಡಿನ್ ಉಪ್ಪು ತಿಂದರೆ ವಾಸಿಯಾಗುವಂಥದ್ದಲ್ಲ.

ಗ್ರಂಥಿ ಸೋತರೆ ಮಗುವಿನ ಬೆಳವಣಿಗೆ ಕುಂಟುತ್ತದೆ. ಮೊದಲ ಸುಳಿವು ಬಾಗಿಲ ಚೌಕಟ್ಟಿನ ಮೇಲೇ ಸಿಗಬಹುದು. ಹುಟ್ಟುಹಬ್ಬಕ್ಕೊಮ್ಮೆ ಪೆನ್ಸಿಲಿನಲ್ಲಿ ಎಳೆದ ಗೆರೆಗಳಲ್ಲಿ ಕೊನೆಯ ಎರಡರ ನಡುವೆ ಒಂದು ಬೆರಳಿನಷ್ಟೂ ಅಂತರವಿಲ್ಲ. ಹೋದ ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮಿನ ಉದ್ದ ಈಗಲೂ ಸರಿಯಾಗಿದೆ, ಸೊಂಟ ಮಾತ್ರ ಬಿಗಿ. ಇಂಥ ಮಗು ಸುಸ್ತೆಂದು ಕೂತರೆ ಸೋಮಾರಿ ಎಂದು ದಯವಿಟ್ಟು ಗದರಬೇಡಿ. ಮೊದಲು, ಥೈರಾಯ್ಡ್ ಸೋತಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಹಾರ್ಮೋನಿನ ಪರೀಕ್ಷೆ ಮಾಡಿಸಿ.

ಪ್ರತಿಕಾಯ ‘ಪಾಸಿಟಿವ್’ ಬಂದ ಮಾತ್ರಕ್ಕೆ ಗ್ರಂಥಿ ಸೋತಿತೆಂದಲ್ಲ. ಕೆಲವು ಮಕ್ಕಳಲ್ಲಿ ಅದು ವರ್ಷಗಟ್ಟಲೆ ಸರಿಯಾಗಿಯೇ ಕೆಲಸ ಮಾಡುತ್ತದೆ. ತುಸು ಏರಿದ್ದ ಟಿಎಸ್‌ಎಚ್ ಔಷಧವಿಲ್ಲದೆ ಇಳಿದದ್ದೂ ಉಂಟು. ಇನ್ನು ಕೆಲವರಲ್ಲಿ ಗ್ರಂಥಿ ನಿಧಾನವಾಗಿ ಕುಸಿಯುತ್ತದೆ. ಯಾರದು ಯಾವ ದಾರಿ ಎಂದು ಒಂದೇ ರಿಪೋರ್ಟು ಹೇಳಲಾರದು. ಅದಕ್ಕೇ 6ರಿಂದ 12 ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಗಂಟಲ ಮುಂದಿನ ಊತ ದೊಡ್ಡದಿದ್ದರೆ, ಟಿಎಸ್‌ಎಚ್ ಏರುತ್ತಲೇ ಇದ್ದರೆ ಇನ್ನೂ ಎಚ್ಚರ ಬೇಕು.

ಟೈಪ್ 1 ಮಧುಮೇಹ, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಕ್ಷಣ ಕಾಣದಿದ್ದರೂ ಥೈರಾಯ್ಡ್ ಪರೀಕ್ಷೆ ತಪ್ಪಿಸಬಾರದು.

ಗ್ರಂಥಿ ಸೋತರೆ ಕೊಡುವುದು ಥೈರಾಕ್ಸಿನ್ ಹಾರ್ಮೋನಿನ ಮಾತ್ರೆ. ತೂಕಕ್ಕೆ ಹೋಲಿಸಿದರೆ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಥೈರಾಕ್ಸಿನ್ ಬೇಕು! ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಬರೀ ನೀರಿನೊಂದಿಗೆ ಮಾತ್ರೆ ಕೊಡಿ. ಹಾಲಿನ ಲೋಟ ಅರ್ಧ ಗಂಟೆಯಾದರೂ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.

ಡೋಸ್ ಬದಲಿಸಿದ ಮರುವಾರವೇ ಲ್ಯಾಬಿಗೆ ಓಡಬೇಡಿ. ಟಿಎಸ್‌ಎಚ್ ನೆಲೆಗೊಳ್ಳಲು 6ರಿಂದ 8 ವಾರ ಹಿಡಿಯುತ್ತದೆ.

‘ನಾರ್ಮಲ್ ಬಂತಲ್ಲ, ಇನ್ನೇಕೆ ಮಾತ್ರೆ?’ ಎಂದು ಎಷ್ಟೋ ಮನೆಗಳಲ್ಲಿ ಕೇಳುತ್ತಾರೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ನೀವಾಗಿ ನಿಲ್ಲಿಸಬೇಡಿ. ಬೆಳವಣಿಗೆ ಪೂರ್ತಿಯಾದ ಮೇಲೆ ಕೆಲವರಿಗೆ ವೈದ್ಯರೇ ಮಾತ್ರೆ ನಿಲ್ಲಿಸಿ, ಗ್ರಂಥಿ ಚೇತರಿಸಿಕೊಂಡಿದೆಯೇ ಎಂದು ಪರೀಕ್ಷಿಸುವುದುಂಟು.

3 ವರ್ಷ ದಾಟಿದ ಮೇಲೆ ಬಂದ ಥೈರಾಯ್ಡ್ ಕೊರತೆಯಿಂದ ಸಾಮಾನ್ಯವಾಗಿ ಬುದ್ಧಿಗೆ ಶಾಶ್ವತ ಪೆಟ್ಟು ಬೀಳುವುದಿಲ್ಲ. ಚಿಕಿತ್ಸೆ ಶುರುವಾದರೆ ಎತ್ತರವೂ ಭರದಿಂದ ಏರುತ್ತದೆ. ಆದರೆ ವರ್ಷಗಟ್ಟಲೆ ತಡವಾದರೆ, ಕಳೆದುಕೊಂಡ ಎತ್ತರ ಪೂರ್ತಿ ಮರಳದೇ ಹೋಗಬಹುದು.