ಕಣ್ಣಿಗೆ ಒಂದು, ಗಣಕಕ್ಕೆ ಎರಡು

ವಡಾಲದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಹಲವರು ಕೂಡಿ ಗಣಕಕ್ಕೆ ಏರಿಸಿದ್ದರು. ಅವರಲ್ಲಿ ಕೋಟದಿಂದ ಬಂದವರು ಯಾರಾರೆಂದು ‘ಗ್ರೆಪ್’ ಎಂಬ ಹುಡುಕುವ ಸಾಧನವನ್ನು ಕೇಳಿದೆನು. ಕಣ್ಣೆದುರಿಗೇ ಇದ್ದ ಒಬ್ಬ ವಿದ್ಯಾರ್ಥಿನಿಯನ್ನು ಅದು ಬಿಟ್ಟುಬಿಟ್ಟಿತು. ಹೀಗೇಕೆ?

ಬಾಲಮಿತ್ರರೇ, ಗಣಕವು ಅಕ್ಷರಗಳನ್ನು ಅರಿಯದು. ಸೊನ್ನೆ ಒಂದುಗಳ ಸಾಲುಗಳನ್ನು ಮಾತ್ರ ಅರಿಯುವುದು. ಅಂಥ ಎಂಟರ ಗುಂಪೇ ಬೈಟು. 1973ರಲ್ಲಿ ಗ್ರೆಪ್ಪನ್ನು ರಚಿಸಿದ ಕೆನ್ ಥಾಂಪ್ಸನ್ನರೇ 1992ರಲ್ಲಿ ರಾಬ್ ಪೈಕರೊಡನೆ ಯುಟಿಎಫ್-8 ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು.

ಪರೀಕ್ಷಿಸಲೆಂದು ‘ಕೋಟ’ ಎಂಬುದನ್ನು ಎರಡು ಕಡತಗಳಲ್ಲಿ ಬರೆದೆನು. ಮೊದಲನೆಯದರಲ್ಲಿ ಓ ಸ್ವರದ ಚಿಹ್ನೆಯು ಒಂದೇ ಸಂಕೇತ. ಪದಕ್ಕೆ 9 ಬೈಟುಗಳು. ಎರಡನೆಯದರಲ್ಲಿ ಅದೇ ಚಿಹ್ನೆಯನ್ನು ಎ, ಊ, ದೀರ್ಘ ಎಂಬ ಮೂರು ಬಿಡಿ ಸಂಕೇತಗಳಿಂದ ಕೂಡಿಸಿದೆನು. ಪದಕ್ಕೆ 15 ಬೈಟುಗಳು. ತೆರೆಯ ಮೇಲೆ ಎರಡಕ್ಕೂ ಭೇದವಿಲ್ಲ. ಆದರೆ ಗ್ರೆಪ್ಪಿಗೆ ಮೊದಲನೆಯದು ಮಾತ್ರ ಸಿಕ್ಕಿತು.

ಬಳಿಕ ಅಕ್ಷರವನ್ನು ಬಿಟ್ಟು, ಓ ಚಿಹ್ನೆಯ ಬೈಟುಗಳಾದ 224, 179, 139 ಇವನ್ನೇ ಮಾದರಿಯಾಗಿ ಕೊಟ್ಟೆನು. ಯುಟಿಎಫ್-8 ಪರಿಸರದಲ್ಲಿ ಅದು 224ನ್ನು ಲ್ಯಾಟಿನ್ ಅಕ್ಷರವೊಂದರ ಕ್ರಮಾಂಕವೆಂದು ತಿಳಿದು ಬರಿಗೈಯಲ್ಲಿ ಮರಳಿತು. ‘ಸಿ’ ಎಂಬ ಸರಳ ಪರಿಸರಕ್ಕೆ ಬದಲಿಸಿದೊಡನೆ ಬೈಟನ್ನು ಬೈಟೆಂದೇ ಓದಿ ಪದವನ್ನು ಹಿಡಿಯಿತು. ಬಿಡಿ ಸಂಕೇತಗಳ ಒಂಬತ್ತು ಬೈಟುಗಳನ್ನು ಕೊಡಲು ಎರಡನೆಯದೂ ದೊರೆಯಿತು.

ಪರಿಹಾರವಿಷ್ಟೆ: ಹುಡುಕುವ ಮೊದಲು ಪಟ್ಟಿಯನ್ನೂ ಪ್ರಶ್ನೆಯನ್ನೂ ಒಂದೇ ರೂಪಕ್ಕೆ ತರಬೇಕು. ಹಾಗೆ ತಂದ ಮೇಲೆ ಆ ವಿದ್ಯಾರ್ಥಿನಿಯ ಹೆಸರೂ ದೊರೆಯಿತು. ಯಂತ್ರವು ‘ಇಲ್ಲ’ ಎಂದ ಮಾತ್ರಕ್ಕೆ ನಾವೂ ‘ಇಲ್ಲ’ವೆಂದಿದ್ದರೆ, ನಮ್ಮಲ್ಲಿ ಓದಿದವಳೊಬ್ಬಳು ಓದಿಯೇ ಇಲ್ಲವೆಂದಾಗುತ್ತಿತ್ತು.